ಒಂಬತ್ತು ದಿನ ಮೊದಲು ಬಂದ ಕೂಗು

ನಮ್ಮೂರಿನ ಫುಟ್‌ಬಾಲ್ ಮೈದಾನದ ಸದ್ದು ಊರೊಳಗೆ ಒಂಬತ್ತು ದಿನ ಮೊದಲೇ ಕೇಳಿಸುತ್ತದೆ. ಮೈದಾನದಲ್ಲೇ ನಿಂತವರಿಗೆ, ಬೇರೆಲ್ಲ ಊರುಗಳ ಹಾಗೆ, ಆಗಿನದು ಆಗಲೇ ಕೇಳುತ್ತದೆ. ಆದರೆ ಪೇಟೆಯಲ್ಲಿ, ಕೇರಿಯಲ್ಲಿ, ಅಡುಗೆಮನೆಯಲ್ಲಿ ಇರುವವರ ಕಿವಿಗೆ ಬೀಳುವುದು ಒಂಬತ್ತು ದಿನದ ಮುಂದಿನ ಆಟ. ಅದನ್ನು ನಾವು ಮುಂಗೂಗು ಎನ್ನುತ್ತೇವೆ. ಪಂದ್ಯ ಭಾನುವಾರವಾದರೆ ಮುಂಗೂಗು ಅದರ ಹಿಂದಿನ ವಾರದ ಶುಕ್ರವಾರ. ಆ ಸಂಜೆ ನಾಲ್ಕು ಗಂಟೆಗೆ ಗಂಡಸರು ಅಂಗಡಿಗಳ ಜಗಲಿಯ ಮೇಲೆ ಕೂತು ಬೆರಳು ಮಡಿಸುತ್ತ ಗೋಲು ಎಣಿಸುತ್ತಾರೆ. ಎಷ್ಟು ಗೋಲೆಂದು ಗೊತ್ತಾದ ಮೇಲೂ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಮೈದಾನಕ್ಕೆ ಹೋಗುತ್ತಾರೆ. "ಮದುವೆ ಮನೇಲಿ ಏನಡುಗೆ ಅಂತ ವಾಸನೆಯಲ್ಲೇ ಗೊತ್ತಾಗಲ್ವಾ? ಆದ್ರೂ ಎಲೆ ಹಾಕಿಸ್ಕೊಂಡು ಕೂರಲ್ವಾ?" ಎನ್ನುತ್ತಿದ್ದರು ನಮ್ಮಪ್ಪ.

ಹೆಂಗಸರು ಪಂದ್ಯಕ್ಕೆ ಹೋಗುವ ರೂಢಿ ನಮ್ಮಲ್ಲಿ ಇರಲಿಲ್ಲ. ಹೋಗಬಾರದೆಂದು ಯಾರೂ ಹೇಳಿದ್ದಲ್ಲ. ಕೇಳಿಸಿಕೊಂಡು ಮುಗಿದ ಆಟವನ್ನು ನೋಡಲು ಬೇರೆ ಹೋಗಬೇಕೆ ಎಂಬ ಉದಾಸೀನ. ಹಾಗಾಗಿ ಗಂಡಸರ ಪಾಲಿಗೆ ನೋಟ ಬಂತು, ಹೆಂಗಸರ ಪಾಲಿಗೆ ಸದ್ದು ಬಂತು. ನಾವು ಗೋಲು ಎಣಿಸುವವರಲ್ಲ. ಯಾರ ಮಗ ಬಿದ್ದು ಮೊಣಕಾಲು ಕೆತ್ತಿಕೊಂಡ, ಯಾರು ಯಾರಿಗೆ ಬೈದರು, ಯಾವ ಮುದುಕ ಕೆಮ್ಮಿದ, ಕಡಲೆಕಾಯಿ ಮಾರುವವನು ಎಷ್ಟು ಸಲ ಕೂಗಿದ, ಇದೆಲ್ಲ ನಮಗೆ ಬಾಯಿಪಾಠ.

ನಾನೊಬ್ಬಳು ಮಾತ್ರ ಮೈದಾನಕ್ಕೆ ಹೋಗುವವಳು, ಅದೂ ಪಂದ್ಯದ ದಿನ ಬೆಳಗ್ಗೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು ನನ್ನ ಕೆಲಸ. ಮೊದಲು ಅಪ್ಪ ಎಳೆಯುತ್ತಿದ್ದರು, ಅವರ ಕೈ ನಡುಗಲು ಶುರುವಾದಾಗ ಪುರಸಭೆ ನನಗೆ ಕೊಟ್ಟಿತು. ಎರಡು ಗೂಟ, ಒಂದು ಹುರಿ, ತಳದಲ್ಲಿ ತೂತು ಕೊರೆದ ಡಬ್ಬಿ, ಮೂಗುಬಾಯಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆ. ಇಪ್ಪತ್ತಾರು ವರ್ಷ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ದುಡಿದದ್ದಕ್ಕೋ ಏನೋ, ಕುಸುಮಾಕ್ಷಿ ಎಂಬ ನನ್ನ ಹೆಸರು ಹೋಗಿ ಎಲ್ಲರಿಗೂ ಸುಣ್ಣದಕ್ಕನಾದೆ. ನನ್ನ ದನಿಯೂ ಸಣ್ಣಗಾಯಿತು. ನಾನು ಮಾತಾಡಿದರೆ ಎದುರಿಗಿದ್ದವರು ಒಂದು ಹೆಜ್ಜೆ ಹತ್ತಿರ ಬರುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಿದರೂ ನಾನು ಕೂಗಿದ್ದಿಲ್ಲ, ಎದ್ದು ಹೋಗಿ ಇಳಿಸುತ್ತೇನೆ.

ಮೈದಾನದ ಪೂರ್ವದ ಗೆರೆಯಿಂದ ಇಪ್ಪತ್ತು ಹೆಜ್ಜೆ ಇಳಿದರೆ ಹೊಳೆ. ಹೊಳೆಯಾಚೆ ಬೇರೆ ದೇಶ. ಬೇಸಗೆಯಲ್ಲಿ ಹೊಳೆ ಎಷ್ಟು ಕಿರಿದಾಗುತ್ತದೆಂದರೆ, ಆ ದಡದಲ್ಲಿ ಬಟ್ಟೆ ಒಗೆಯುವವರ ಸೀರೆಯ ಅಂಚಿನ ಬಣ್ಣ ಈ ದಡದಿಂದ ಹೇಳಬಹುದು. ಮಾತೂ ಒಂದೇ, ಅವರು ಸ್ವಲ್ಪ ಎಳೆದು ಆಡುತ್ತಾರೆ, ಅಷ್ಟೆ. ವರ್ಷಕ್ಕೊಮ್ಮೆ, ಬೇಸಗೆಯ ಒಂದು ಭಾನುವಾರ, ಆ ದೇಶದ ತಂಡ ದೋಣಿ ಹತ್ತಿ ಬಂದು ನಮ್ಮವರ ಜೊತೆ ಆಡುತ್ತದೆ. ಪುರಸಭೆಯ ಫಲಕದಲ್ಲಿ ಅದು ಅಂತರರಾಷ್ಟ್ರೀಯ ಪಂದ್ಯ. ತಂಡದ ಹಿಂದೆ ನೋಡುವವರ ದೋಣಿಯೊಂದು ಬರುತ್ತದೆ, ನಲವತ್ತು ಜನರಿಗೆ ಒಂದು ದಿನದ ಪರವಾನಗಿ. ಆ ನಲವತ್ತರಲ್ಲಿ ಒಬ್ಬಳು ನನ್ನ ಅಕ್ಕ ವನಜಾಕ್ಷಿ.

ಅಕ್ಕನನ್ನು ಆ ದಡಕ್ಕೆ ಕೊಟ್ಟು ಮೂವತ್ತು ವರ್ಷವಾಯಿತು. ಪಂದ್ಯದ ದಿನವಲ್ಲದೆ ಬೇರೆ ದಿನ ಬರಲು ಪರವಾನಗಿ ಸಿಗುವುದಿಲ್ಲ. ದೋಣಿ ಇಳಿದವಳು ಮೈದಾನದ ಕಡೆ ಕತ್ತೂ ತಿರುಗಿಸದೆ ನೇರ ನನ್ನ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂರುತ್ತಾಳೆ. ಪಂದ್ಯದ ಸದ್ದು ಊರಿಗೆ ಬಂದು ಹೋಗಿ ಒಂಬತ್ತು ದಿನವಾಗಿರುವುದರಿಂದ ಆ ಹೊತ್ತು ಊರು ಗವ್ವೆನ್ನುವಷ್ಟು ಮೌನ. ಆ ಮೌನದಲ್ಲಿ ನಾವಿಬ್ಬರು ನಾಲ್ಕು ಗಂಟೆ ಕಾಲ ಮಾತಾಡುತ್ತೇವೆ. ಅವಳು ಮಾತಾಡುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಚಿಕ್ಕಂದಿನಲ್ಲೂ ಹಾಗೆಯೇ. ಅಪ್ಪ ನನ್ನ ಕೈಗೆ ಡಬ್ಬಿ ಕೊಟ್ಟು ಗೆರೆ ಎಳೆಯಲು ಕಲಿಸುವಾಗ ಅವಳು ಡಬ್ಬಿ ಮುಟ್ಟುತ್ತಿರಲಿಲ್ಲ. ಹೊಳೆಯ ಏರಿಯ ಮೇಲೆ ಕೂತು ಹುಣಸೆಕಾಯಿ ಚೀಪುತ್ತ ನನ್ನ ತಪ್ಪು ಎತ್ತಿ ಆಡುವುದೇ ಅವಳ ಕೆಲಸ. ಜಗತ್ತಿನಲ್ಲಿ ನನ್ನನ್ನು ಕುಸುಮೀ ಎಂದು ಕರೆಯುವವರು ಈಗ ಅವಳೊಬ್ಬಳೇ.

ಆ ಶುಕ್ರವಾರ ನಾನು ಹಿತ್ತಿಲಲ್ಲಿ ಹಪ್ಪಳ ಮಗುಚಿ ಹಾಕುತ್ತಿದ್ದೆ. ನಾಲ್ಕಕ್ಕೆ ಸರಿಯಾಗಿ ಮುಂಗೂಗು ಶುರುವಾಯಿತು. ಮೊದಲು ಉದ್ದನೆಯ ಸೀಟಿ, ನಿಂತು ನಿಂತು ಮೂರು ಸಲ. ರೆಫರಿ ಡ್ಯಾನಿಯಲ್ ಮೇಷ್ಟ್ರಿಗೆ ಈ ವಯಸ್ಸಲ್ಲಿ ಇಷ್ಟು ಉಸಿರು ಎಲ್ಲಿಂದ ಬಂತು ಅಂದುಕೊಂಡೆ. ಆಮೇಲೆ ಓಡಾಟದ ಸದ್ದು. ನಡುವೆ ಢಂ ಎಂದು ಏನೋ ಬಡಿದಂತಾಯಿತು. ಒಂದು ಕ್ಷಣ ಎಲ್ಲ ನಿಶ್ಶಬ್ದ. ಆಮೇಲೆ ಹಿಂಡು ಜನ ಒಟ್ಟಿಗೆ ಕಿರುಚಿದರು. ಸ್ವಲ್ಪ ಹೊತ್ತಿಗೆ ನೀರಿನ ಸಪ್ಪಳ. ಅದರ ಹಿಂದೆಯೇ, ದೂರದಿಂದ, ಗಾಳಿಯಲ್ಲಿ ಹರಿದು ಚೂರಾಗಿ, "ಕುಸುಮೀ…" ಎಂದು ಬಂತು. ಹಪ್ಪಳ ಕೈಯಲ್ಲೇ ಉಳಿಯಿತು. ಅಕ್ಕನ ದನಿ! ಅವಳು ಮೈದಾನಕ್ಕೇಕೆ ಹೋದಳು? ಮುಂದೆ ಏನೋ ಹೇಳಿದಳು. ಕೊನೆಯ ಒಂದು ಪದ ಮಾತ್ರ ಕಿವಿಗೆ ತಾಗಿತು, ಅದೂ ಅರ್ಧ. ಸುಟ್ಟ ಎಂದಂತೆ ಕೇಳಿಸಿತು. ಅದಕ್ಕೆ ಉತ್ತರವಾಗಿ ಇನ್ನೊಂದು ದನಿ, ಒಡಕು ತಮಟೆಯ ಹಾಗೆ, ಮಾತು ತಿಳಿಯದಂತೆ ಅರಚಿತು. ಪಕ್ಕದ ಹಿತ್ತಿಲಿನ ಹಾಜಿರಾಬಿ ಗೋಡೆಯ ಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದಳು. "ಯಾರಮ್ಮಾ ಇದು, ಇಷ್ಟು ಗಂಟಲು?" ಎಂದೆ. "ಗಂಡೋ ಹೆಣ್ಣೋ ಅದೇ ತಿಳೀಲಿಲ್ಲ ಸುಣ್ಣದಕ್ಕ" ಎಂದಳು ಅವಳು. ಕೊನೆಗೆ ತುಂಬ ಜನ ನಕ್ಕ ಸದ್ದು, ಅಥವಾ ಅತ್ತ ಸದ್ದು. ಮುಗಿಯಿತು.

ಜಗಲಿಯ ಗಂಡಸರು ತಲೆ ಕೆರೆದುಕೊಂಡರು. ಗೋಲು ಎಷ್ಟೆಂದು ಯಾರಿಗೂ ಲೆಕ್ಕ ಸಿಗಲಿಲ್ಲ. ನಾನಂತೂ ಹಿಗ್ಗಿ ಹೋದೆ. ದನಿ ಬಂದಿದೆ ಎಂದರೆ ಅಕ್ಕ ಬರುತ್ತಾಳೆ. ಅವಳಿಗೆ ಇಷ್ಟವೆಂದು ಮೆಂತ್ಯದ ಹಿಟ್ಟು ಹುರಿದು ಬೀಸಿಟ್ಟೆ.

ಮಂಗಳವಾರ ಬೆಳಗ್ಗೆ ರೇಡಿಯೋದಲ್ಲಿ ಯುದ್ಧ ಎಂದರು. ಎಲ್ಲೋ ಮುನ್ನೂರು ಮೈಲಿ ಉತ್ತರದಲ್ಲಿ, ನಾವು ಹೆಸರೂ ಕೇಳದ ಒಂದು ಗುಡ್ಡದ ವಿಷಯಕ್ಕೆ ಎರಡು ದೇಶಗಳಿಗೂ ಜಗಳ ಬಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ತಂತಿ ಬಂತು: ಎಲ್ಲ ಅಂತರರಾಷ್ಟ್ರೀಯ ಪಂದ್ಯಗಳು ರದ್ದು. ಸಂಜೆಗೆ ನಮ್ಮ ತಂಡದ ಹುಡುಗರನ್ನೆಲ್ಲ ಸೈನ್ಯದ ಉಗ್ರಾಣದ ಕೆಲಸಕ್ಕೆಂದು ಲಾರಿ ಹತ್ತಿಸಿಕೊಂಡು ಹೋದರು. ಹಾಜಿರಾಬಿಯ ಮಗ ಸಲೀಮನೂ ಅದರಲ್ಲಿದ್ದ, ನಮ್ಮ ಗೋಲ್‌ಕೀಪರ್. ಹೊಳೆಯ ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿದರು. ನೀರಿಗೆ ಯಾರೂ ಇಳಿಯಕೂಡದು, ದೋಣಿ ಬಿಡಕೂಡದು, ಬಟ್ಟೆ ಬೀಸಿ ಸನ್ನೆ ಮಾಡಕೂಡದು ಎಂದು ಬರೆದ ಹಲಗೆ ನೆಟ್ಟು, ಕಾವಲಿಗೆ ಪೊಲೀಸ್ ಬಸಲಿಂಗನನ್ನು ನಿಲ್ಲಿಸಿದರು. ಅವನಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. ಕೈಯಲ್ಲಿದ್ದ ಬಂದೂಕಿಗೆ ಆಗಲೇ ನಿವೃತ್ತಿಯಾಗಿತ್ತು.

ಪಂದ್ಯ ರದ್ದಾದರೆ ಆಯಿತು, ಮುಂಗೂಗನ್ನು ಏನು ಮಾಡುವುದು? ಅದು ಸುಳ್ಳಾದದ್ದಿಲ್ಲ. ಬುಧವಾರ ಈ ಪ್ರಶ್ನೆ ಒಬ್ಬರ ಬಾಯಿಂದ ಹೊರಟದ್ದು ಗುರುವಾರಕ್ಕೆ ಊರನ್ನೇ ಹಿಡಿಯಿತು. ಆ ಉದ್ದನೆಯ ಸೀಟಿ ಸೀಟಿಯಲ್ಲ, ಸೈರನ್ನು. ಆ ಢಂ ಎಂದದ್ದು ಬಾಂಬು. ಕಿರುಚಾಟ ಕಿರುಚಾಟವೇ. "ಸುಟ್ಟ ಅಂತ ಕೂಗಿದ್ದು ನೀನೂ ಕೇಳಿದೆಯಲ್ಲಮ್ಮಾ?" ಎಂದು ದಾರಿಯಲ್ಲಿ ನಿಲ್ಲಿಸಿ ನನ್ನನ್ನೇ ಕೇಳಿದರು. ಪುರಸಭೆಯ ಅಧ್ಯಕ್ಷ ಚೆನ್ನವೀರಯ್ಯನವರು ಆಟೋಗೆ ಮೈಕು ಕಟ್ಟಿಸಿ ಸಾರಿಸಿದರು: ಭಾನುವಾರ ಮಧ್ಯಾಹ್ನದೊಳಗೆ ಊರು ಖಾಲಿ ಮಾಡಿ ಬೆಟ್ಟದ ಶಾಲೆಗೆ ಹೋಗಬೇಕು, ಗಂಡಸರು ಮುಂಚಿತವಾಗಿ ಹೋಗಿ ಅಲ್ಲಿ ಕಂದಕ ತೋಡಬೇಕು.

ನನಗೆ ಊಟ ಸೇರಲಿಲ್ಲ. ಊರಿಗೆ ಬಾಂಬಿನ ಚಿಂತೆ, ನನಗೆ ಆ ಅರ್ಧ ಪದದ ಚಿಂತೆ. ಅಕ್ಕ ಏನನ್ನು ಸುಟ್ಟ ಎಂದಳು? ಯಾರು ಸುಟ್ಟದ್ದು? ಮನೆಯೇ? ಮೂವತ್ತು ವರ್ಷದಲ್ಲಿ ಅವಳು ಒಂದು ದಿನವೂ ತನ್ನ ಕಷ್ಟ ಹೇಳಿಕೊಂಡವಳಲ್ಲ. ಬಾಣಲೆ ತಿಕ್ಕುವಾಗ, ಹೂ ಕಟ್ಟುವಾಗ, ಆ ಪದವನ್ನು ನಾಲಿಗೆಯ ಮೇಲಿಟ್ಟು ಹೊರಳಿಸಿದೆ. ಸುಟ್ಟ, ಕೆಟ್ಟ, ಬಿಟ್ಟ. ಒಂದಕ್ಕಿಂತ ಒಂದು ಕೆಟ್ಟದ್ದೇ.

ಶುಕ್ರವಾರ ಗಂಡಸರು ಗುದ್ದಲಿ ಹೊತ್ತು ಬೆಟ್ಟಕ್ಕೆ ಹೋದ ಮೇಲೆ ಹಾಜಿರಾಬಿ, ಇಡ್ಲಿ ಅಂಗಡಿಯ ಲೋಕಮ್ಮ, ಇನ್ನೂ ಹತ್ತೆಂಟು ಜನ ನನ್ನ ಹಿತ್ತಿಲಿಗೆ ಬಂದರು. ಅಳಲು ಬಂದವರು. ಅತ್ತು ಮುಗಿದ ಮೇಲೆ ಮಾತು ಮುಂಗೂಗಿನ ಕಡೆಗೇ ತಿರುಗಿತು. ನಾನು ಹೇಳಿದೆನಲ್ಲ, ಸದ್ದು ನಮ್ಮ ಪಾಲಿನದು. ಒಬ್ಬೊಬ್ಬರೂ ತಮ್ಮ ಕಿವಿಗೆ ಬಿದ್ದದ್ದನ್ನು ಮುತ್ತು ಪೋಣಿಸಿದ ಹಾಗೆ ಸಾಲಾಗಿಟ್ಟರು. ಸೀಟಿಗೂ ಮೊದಲು ಯಾರೋ ಸೀನಿದ್ದರು. ಢಂ ಎನ್ನುವುದಕ್ಕೆ ಮುಂಚೆ ಬಳೆಗಳ ಸದ್ದಿತ್ತು. "ಬಳೆ?" ಎಂದಳು ಹಾಜಿರಾಬಿ. "ಬಳೆ ಕಣೇ, ಗಾಜಿನ ಬಳೆ. ನನ್ನ ಕಿವಿ ಕೆಪ್ಪಾಗಿಲ್ಲ ಇನ್ನೂ" ಎಂದಳು ಲೋಕಮ್ಮ. "ಹಾಗಾದ್ರೆ ಒಂದು ಮಾತು. ಗಂಡಸಿನ ದನಿ ಯಾರಾದ್ರೂ ಕೇಳಿದ್ರಾ?" ಎಂದಳು ಹಾಜಿರಾಬಿ. ಎಲ್ಲರೂ ಕಣ್ಣುಮುಚ್ಚಿ ನೆನಪಿಸಿಕೊಂಡರು. ಆ ಒಡಕು ಗಂಟಲು ಗಂಡಸಿನದಿರಬಹುದು ಎಂದು ಒಬ್ಬಳು. ಛೆ, ಹೆಂಗಸಿನದೇ, ಕಡೆಯಲ್ಲಿ ಎಳೆದದ್ದು ಹೆಂಗಸಿನ ಹಾಗೆ ಎಂದು ಇನ್ನೊಬ್ಬಳು. ಅದೊಂದನ್ನು ಬಿಟ್ಟರೆ ಎಲ್ಲವೂ ಹೆಂಗಸರ ದನಿಯೇ.

"ಅಂದ್ರೆ ನಾವೇ ಸಾಯೋದು ಅನ್ನು" ಎಂದಳು ಲೋಕಮ್ಮ. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ನಾನು ಏನೋ ಅಂದೆ. ಎಂದಿನಂತೆ ಯಾರಿಗೂ ಕೇಳಲಿಲ್ಲ. "ಸುಣ್ಣದಕ್ಕ ಏನೋ ಅಂತಿದಾಳೆ, ಸುಮ್ನಿರ್ರೇ" ಎಂದು ಹಾಜಿರಾಬಿ ಎಲ್ಲರನ್ನೂ ಹತ್ತಿರ ಕರೆದಳು. ನಾನು ಅಂದದ್ದು ಇಷ್ಟೆ: ಸದ್ದು ಬರುವುದಂತೂ ಖಂಡಿತ. ಆದರೆ ಬರುವ ಸದ್ದಿಗೆ ಕೂರಲು ಒಂದು ಜಾಗ ಬೇಕಲ್ಲ. ನೆಂಟರು ಬಂದೇ ಬರುತ್ತಾರೆ ಎಂದು ಗೊತ್ತಿರುವಾಗ ಬಾಗಿಲು ಹಾಕಿಕೊಂಡು ಬೆಟ್ಟಕ್ಕೆ ಹೋದರೆ, ಅವರು ಕಳ್ಳರ ಹಾಗೆ ಹೆಂಚು ತೆಗೆದು ಇಳಿಯಬೇಕಾಗುತ್ತದೆ. ಚಾಪೆ ಹಾಸಿದರೆ ನೆಂಟರಾಗಿಯೇ ಬರುತ್ತಾರೆ. ಗೆರೆ ಎಳೆದ ಮೈದಾನದಲ್ಲಿ ಜನ ಕಿರುಚಿದರೆ ಅದು ಆಟ.

"ಚೆಂಡು ಇದೆ ನಮ್ಮನೇಲಿ" ಎಂದಳು ಹಾಜಿರಾಬಿ. "ಸಲೀಮನ ಮಂಚದ ಕೆಳಗೆ. ನಿನ್ನೆ ಗುಡಿಸುವಾಗ ಪೊರಕೆಗೆ ತಾಗ್ತು, ಅಲ್ಲೇ ಬಿಟ್ಟೆ." ಪಂದ್ಯಕ್ಕೆಂದು ಅವಳೇ ಹೊಲಿದ ಹನ್ನೊಂದು ಹಳದಿ ಜೆರ್ಸಿಯೂ ಮಡಿಕೆ ಬಿಚ್ಚದೆ ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿದ್ದವು. "ಆಡೋಕೆ ಬರಬೇಕಲ್ಲೇ" ಎಂದಳೊಬ್ಬಳು. "ಸೀರೆ ಎತ್ತಿ ಕಟ್ಟಿ ಗದ್ದೆ ಕೆಸರಲ್ಲಿ ನಡೆದವಳು ನಾನು, ಚೆಂಡು ಒದೆಯೋಕೆ ಯಾವ ಕಾಲೇಜಿಗೆ ಹೋಗ್ಬೇಕು?" ಎಂದಳು ಲೋಕಮ್ಮ.

ಶನಿವಾರ ಸಂಜೆ ನಮ್ಮ ಯಜಮಾನರು ಬೆಟ್ಟದಿಂದ ಅಂಗೈ ತುಂಬ ಬೊಕ್ಕೆ ಮಾಡಿಕೊಂಡು ಬಂದರು. ಅಂಚೆಕಚೇರಿಯಲ್ಲಿ ಮುದ್ರೆ ಒತ್ತುವ ಕೈಗೆ ಗುದ್ದಲಿ ಒಗ್ಗಲಿಲ್ಲ. ಎಣ್ಣೆ ಹಚ್ಚುತ್ತಿದ್ದಾಗ ಕೇಳಿದರು, "ಸುಣ್ಣ ಜರಡಿ ಹಿಡಿದಿಟ್ಟಿದ್ದೀಯಲ್ಲ, ಯಾತಕ್ಕೆ?"

"ಗೆರೆ ಹಾಕ್ಬೇಕಲ್ಲ."

"ಪಂದ್ಯ ರದ್ದಾಗಿದೆ ಕಣೇ."

"ಪಂದ್ಯ ರದ್ದು ಅಂದ್ರು. ಗೆರೆ ರದ್ದು ಅಂತ ಯಾರೂ ಹೇಳ್ಲಿಲ್ಲ."

ಅವರು ಅಂಗೈಯ ಬೊಕ್ಕೆ ಊದಿಕೊಂಡರು. "ನಾಳೆ ಮತ್ತೆ ತೋಡೋಕೆ ಹೋಗ್ಬೇಕು ನಾನು. ಹೋಗದಿದ್ರೆ ಹೆಸರು ಬರ್ಕೋತಾರೆ" ಎಂದರು. ಆಮೇಲೆ, "ವನಜಕ್ಕನ ದನಿ ಅನ್ನೋದು ಖಾತ್ರಿಯಾ?" ಎಂದರು. ಹೂಂ ಎಂದೆ. "ಹಾಗಾದ್ರೆ ಹುಷಾರಾಗಿ ಹೋಗು" ಎಂದು ಅಂಗೈ ಮುಂದೆ ಮಾಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಮಾತು ಎಷ್ಟು ಸಲ ಆಡಿದ್ದಾರೆಂದು ಎಣಿಸುವ ಅಗತ್ಯ ನನಗೆ ಬಿದ್ದಿಲ್ಲ.

ಭಾನುವಾರ ಬೆಳಗ್ಗೆ ಗೂಟ ನೆಟ್ಟು ಹುರಿ ಎಳೆದೆ. ಪಡುವಣ ಗೆರೆ, ಗೋಲಿನ ಎರಡು ಚೌಕ, ನಡುವಿನ ವೃತ್ತ, ಎಲ್ಲ ಆಯಿತು. ಕೊನೆಗೆ ಹೊಳೆಯ ಕಡೆಯ ಗೆರೆ. ಎಳೆಯುವಾಗ ಕಣ್ಣು ಎದುರಿನ ಗೂಟದ ಮೇಲಿರಬೇಕು, ಆಚೆ ಈಚೆ ಹೊರಳಬಾರದು ಎಂಬುದು ಅಪ್ಪನ ಮೊದಲ ಪಾಠ. ಹುರಿಯಿದ್ದರೂ ಕಣ್ಣು ಎಲ್ಲಿಗೆ ಹೋಗುತ್ತದೋ ಕೈ ಅಲ್ಲಿಗೇ ಹೋಗುತ್ತದೆ. ಆ ದಡದಲ್ಲಿ ಯಾರೂ ಇರಲಿಲ್ಲ. ಒಂದು ಎಮ್ಮೆ ನಿಂತಿತ್ತು, ಅಷ್ಟೆ.

ಮೂರೂವರೆಗೆ ಬಂದರು. ಬೆಟ್ಟಕ್ಕೆ ಹೋಗುವ ದಾರಿಯಿಂದಲೇ ಕೆಲವರು ಮಕ್ಕಳ ಸಮೇತ ತಿರುಗಿ ಬಂದಿದ್ದರು. ಹನ್ನೊಂದು ಜನ ಸೀರೆಯ ಮೇಲೆ ತಮ್ಮ ಮಕ್ಕಳ ಅಳತೆಯ ಹಳದಿ ಜೆರ್ಸಿ ಏರಿಸಿಕೊಂಡು ನಿಂತಾಗ, ಒಬ್ಬರನ್ನೊಬ್ಬರು ನೋಡಿ ನಗು ತಡೆಯಲಾಗಲಿಲ್ಲ. ಹಾಜಿರಾಬಿ ಮಗನದನ್ನೇ ಹಾಕಿದ್ದಳು, ಬೆನ್ನ ಮೇಲೆ ಒಂದನೆಯ ನಂಬರು. ತೋಳು ಉದ್ದವಾಗಿ ಕೈಬೆರಳು ಮುಚ್ಚಿದ್ದವು. ಅದನ್ನು ಅವಳು ಮಡಿಸಿಕೊಳ್ಳಲಿಲ್ಲ. ಹೊಟ್ಟೆಗೆ ಇಲ್ಲದೆ ಯಾವ ಆಟವೂ ಇಲ್ಲವೆಂದು ಲೋಕಮ್ಮ ಹುಣಸೆಮರದ ಬುಡದಲ್ಲಿ ಮೂರು ಕಲ್ಲು ಹೂಡಿ, ಅಂಗಡಿಯ ದೊಡ್ಡ ಕುಕ್ಕರಿನಲ್ಲಿ ಕಡಲೆ ಬೇಯಲಿಟ್ಟಿದ್ದಳು. ಬಸಲಿಂಗ ಹೊಳೆಯ ಹಲಗೆಯ ಪಕ್ಕದಿಂದ ಎದ್ದು ನಮ್ಮ ಕಡೆ ಬಂದು ಬಾಯಿ ತೆರೆದ. ಮತ್ತೆ ಮುಚ್ಚಿದ. ತಾನು ಗದರಿಸಲು ಹೋದದ್ದು ನಿಜ, ದನಿಯೇ ಹೊರಡಲಿಲ್ಲ ಎಂದು ಆಮೇಲೆ ಆಣೆಯಿಟ್ಟು ಹೇಳಿದ. ಮುಂಗೂಗಿನಲ್ಲಿ ಗಂಡಸಿನ ದನಿ ಇರಲಿಲ್ಲವಲ್ಲ, ಅವನಾದರೂ ಏನು ಮಾಡಿಯಾನು.

ನಾಲ್ಕು ಗಂಟೆ. ಯಾರೋ ಸೀನಿದರು. ಆಮೇಲೆ ಸೀಟಿ. ಉದ್ದಕ್ಕೆ, ಕಿವಿ ಕೊರೆಯುವಂತೆ. ಎಲ್ಲರ ಕಣ್ಣೂ ಆಕಾಶದಲ್ಲಿ. ಎರಡನೆಯದು ಬಂದಾಗ ಒಂದು ಮಗು ಹುಣಸೆಮರದ ಕಡೆ ಬೆರಳು ತೋರಿಸಿತು. ಕುಕ್ಕರ್ ತಲೆ ಕುಣಿಸುತ್ತ ಆವಿ ಬಿಡುತ್ತಿತ್ತು. ಮೂರನೆಯದಕ್ಕೆ ಲೋಕಮ್ಮ ಹಣೆ ಬಡಿದುಕೊಂಡು ಪಿಸುದನಿಯಲ್ಲಿ ಗೊಣಗಿದಳು. "ಅಯ್ಯೋ ನನ್ನ ಮುಂಡೇದೇ! ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಕೇಳ್ತೀನಲ್ಲೇ, ನನ್ನ ಕುಕ್ಕರ್ ನನಗೇ ಗೊತ್ತಾಗ್ಲಿಲ್ವಲ್ಲೇ!"

ಅಲ್ಲಿಂದ ಭಯ ಹೋಯಿತು. ಆಟ ಎನ್ನುವುದಕ್ಕಿಂತ ಕೋಳಿ ಹಿಡಿಯುವುದು ಎನ್ನಬಹುದು. ಎರಡು ತಂಡವೂ ಇಲ್ಲ, ಇದ್ದವರೆಲ್ಲ ಒಂದೇ ಚೆಂಡಿನ ಹಿಂದೆ. ಹಾಜಿರಾಬಿ ಬಳೆ ಗಲಗಲ ಎನ್ನಿಸುತ್ತ ಓಡಿ ಬಂದು ಕಣ್ಣು ಮುಚ್ಚಿಕೊಂಡು ಒದ್ದಳು. ಚೆಂಡು ಗೋಲಿನ ಮೇಲೆ ಹಾರಿ, ಪುರಸಭೆಯವರು ಇಳಿಸಲು ಮರೆತಿದ್ದ ತಗಡಿನ ಸ್ವಾಗತ ಫಲಕಕ್ಕೆ ಢಂ ಎಂದು ಬಡಿಯಿತು. ಒಂದು ಕ್ಷಣ ಎಲ್ಲರೂ ಕಲ್ಲಾದರು. ಇದೇ, ಇದೇ ಆ ಸದ್ದು ಎಂದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಆಗ ಕಿರುಚಿದರು ನೋಡಿ! ಒಂಬತ್ತು ದಿನ ಎದೆಯಲ್ಲಿ ಕಟ್ಟಿಕೊಂಡದ್ದೆಲ್ಲ ಆ ಕಿರುಚಾಟದಲ್ಲಿ ಹೋಯಿತು.

ನಾನು ಗೆರೆಯ ಹೊರಗೆ ಡಬ್ಬಿ ಹಿಡಿದು ನಿಂತಿದ್ದೆ. ತಿರುಗಿ ನೋಡಿದರೆ ಆ ದಡದಲ್ಲಿ ಜನ. ನೋಡುವವರ ದೋಣಿಗೆ ಹೆಸರು ಕೊಟ್ಟಿದ್ದ ಹೆಂಗಸರೆಲ್ಲ, ದೋಣಿ ಇಲ್ಲವೆಂದು ಗೊತ್ತಿದ್ದೂ, ಇವತ್ತಿನ ದಿನ ಇವತ್ತಿನದೇ ಅಲ್ಲವೇ ಎಂದು ಬಂದು ಕೂತಿದ್ದರಂತೆ. ಕಿರುಚಾಟ ಕೇಳಿ ಏರಿ ಇಳಿದು ನೀರಿನಂಚಿಗೆ ಬಂದಿದ್ದರು. ಕೈ ಬೀಸಲಿಲ್ಲ, ಅವರ ಕಡೆಯೂ ಅದೇ ಹಲಗೆ ಇದ್ದಿರಬೇಕು. ಅಷ್ಟರಲ್ಲಿ ಲೋಕಮ್ಮ ಒದ್ದ ಚೆಂಡು ನನ್ನ ತಲೆಯ ಮೇಲಿಂದ ಹಾರಿ, ನಡುಹೊಳೆ ದಾಟಿ, ಆ ದಡದ ಮರಳಿನಲ್ಲಿ ಬಿತ್ತು. ಎಲ್ಲರೂ ಬಸಲಿಂಗನ ಕಡೆ ನೋಡಿದರು. ಅವನು ಹಲಗೆಯನ್ನು ಮೇಲಿಂದ ಕೆಳಗೆ ಒಂದು ಸಲ ಓದಿದ. ಅದರಲ್ಲಿ ಚೆಂಡಿನ ವಿಷಯ ಇರಲಿಲ್ಲ. ಆ ದಡದಲ್ಲಿ ಹಸಿರು ಸೀರೆಯ ಒಬ್ಬಳು ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಚೆಂಡನ್ನು ವಾಪಸು ಒದ್ದಳು. ದಡಕ್ಕೆ ಒಂದು ಮಾರು ಮೊದಲೇ ನೀರಿಗೆ ಬಿದ್ದು ದೊಡ್ಡ ಸಪ್ಪಳವಾಯಿತು. ತೇಲಿಕೊಂಡು ನಮ್ಮ ಕಾಲ ಬಳಿಗೆ ಬಂತು. ಅಂತರರಾಷ್ಟ್ರೀಯ ಪಂದ್ಯ ನಡೆಯಿತು ಎಂದು ನಾವು ಈಗಲೂ ಹೇಳುವುದು ಇದನ್ನೇ.

ಹಸಿರು ಸೀರೆಯವಳು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು. ಆ ನಿಲುವು ನನಗೆ ಗೊತ್ತು. ಮಣೆಯಿಂದೇಳಲು ಮಂಡಿ ಹಿಡಿದುಕೊಳ್ಳುವ ಅಕ್ಕ ಚೆಂಡು ಒದೆಯುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ನನ್ನನ್ನು ನೋಡಿದಳು. ನನ್ನ ಮುಂದಿನ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು.

"ಕುಸುಮೀ… ಗೆರೆ ಸೊಟ್ಟ!"

ಸುಟ್ಟ ಅಲ್ಲ, ಸೊಟ್ಟ. ನಾನು ಬಗ್ಗಿ ನೋಡಿದೆ. ಹೊಳೆಯ ಕಡೆಯ ಗೆರೆ ನಡುವಿನಲ್ಲಿ ಒಂದು ಗೇಣಿನಷ್ಟು ಆಚೆ ದಡದ ಕಡೆಗೇ ವಾಲಿತ್ತು. ಬೆಳಗ್ಗೆ ಎಮ್ಮೆ ನಿಂತಿದ್ದ ಜಾಗಕ್ಕೆ ಸರಿಯಾಗಿ. ಐವತ್ತು ದಾಟಿದರೂ, ನಡುವೆ ಯುದ್ಧ ಬಂದರೂ ಇವಳು ಬದಲಾಗಲಿಲ್ಲವಲ್ಲ ಎಂದು ನನಗೆ ಒಳಗಿನಿಂದ ಏನೋ ಉಕ್ಕಿ ಬಂತು. ಒಲೆಯ ಮೇಲಿನ ಹಾಲಾಗಿದ್ದರೆ ಇಳಿಸಬಹುದಿತ್ತು. ಬಾಯಿಗೆ ಕಟ್ಟಿದ ಬಟ್ಟೆಯನ್ನು ಕಿತ್ತು ಕುತ್ತಿಗೆಗೆ ಎಳೆದುಕೊಂಡು, ಡಬ್ಬಿ ನೆಲಕ್ಕೆಸೆದು, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ: "ಸೊಟ್ಟ ಇರೋದು ನಿನ್ನ ಕಣ್ಣು ಕಣೇ, ಗೆರೆ ಅಲ್ಲ!"

ಎರಡೂ ದಡದವರು ಬಿದ್ದು ಬಿದ್ದು ನಕ್ಕರು, ಕೆಲವರು ಅತ್ತರು. ನಾನು ಮಾತ್ರ ಬಾಯಿ ತೆರೆದುಕೊಂಡೇ ನಿಂತಿದ್ದೆ. ಹಾಜಿರಾಬಿ ಮಗನ ಉದ್ದ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ನನ್ನ ಮಾತು ಕೇಳಿಸಿಕೊಳ್ಳಲು ಇಷ್ಟು ವರ್ಷ ಒಂದು ಹೆಜ್ಜೆ ಮುಂದೆ ಬರುತ್ತಿದ್ದವಳು ಈಗ ಒಂದು ಹೆಜ್ಜೆ ಹಿಂದಕ್ಕೇ ನಿಂತಳು. ಒಡಕು ತಮಟೆಯಂಥ ಆ ದನಿ ಇನ್ನೂ ಹೊಳೆಯ ಮೇಲೆ ಗುಂಯ್ಗುಡುತ್ತಿತ್ತು. ಒಂಬತ್ತು ದಿನದ ಹಿಂದೆ ಹಪ್ಪಳ ಕೈಯಲ್ಲಿ ಹಿಡಿದು, ಯಾರಮ್ಮಾ ಇದು, ಇಷ್ಟು ಗಂಟಲು, ಎಂದು ಅವಳನ್ನು ಕೇಳಿದವಳು ನಾನೇ.